ವರ್ಚುವಲ್ ಗಣಕಗಳಲ್ಲಿ ಗಡಿಯಾರದ ನಿಖರತೆ: ಸಾರ್ವಜನಿಕರ ಮಾಹಿತಿಗಾಗಿ

ಅಂತರ್ಜಾಲದ ಮೂಲಕ ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ದೊರೆಯುವ ಸ್ವೀಕೃತಿ ಪತ್ರದಲ್ಲಿ ಅರ್ಜಿಯ ಸಂಖ್ಯೆಯೊಡನೆ ದಿನಾಂಕ ಮತ್ತು ವೇಳೆ ನಮೂದಾಗಿರುತ್ತದೆ. ಈ ವೇಳೆಯು ಅರ್ಜಿದಾರರ ಕೈಗಡಿಯಾರದ್ದಲ್ಲ, ಅವರ ಮೊಬೈಲ್ ಫೋನಿನದೂ ಅಲ್ಲ. ಅರ್ಜಿಯನ್ನು ಸ್ವೀಕರಿಸಿದ ಸರ್ವರ್‌ನದು. ದತ್ತಾಂಶ ಕೇಂದ್ರಗಳಲ್ಲಿ ಇಂದು ಇಂತಹ ಸರ್ವರ್‌ಗಳು ಸಾಮಾನ್ಯವಾಗಿ ವರ್ಚುವಲ್ ಗಣಕಗಳಾಗಿರುತ್ತವೆ. ವರ್ಚುವಲ್ ಗಣಕಕ್ಕೆ ಸ್ವಂತ ಗಡಿಯಾರವಿರುವುದಿಲ್ಲ. ಹಾಗಿದ್ದೂ ಅದು ನಮೂದಿಸುವ ವೇಳೆ ಹೇಗೆ ಸರಿಯಾಗಿರುತ್ತದೆ, ಎಲ್ಲಿ ತಪ್ಪಬಹುದು, ತಪ್ಪಿದ್ದನ್ನು ಹೇಗೆ ತಿದ್ದಲಾಗುತ್ತದೆ ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ಸ್ವೀಕೃತಿಯ ವೇಳೆಗೆ ಇರುವ ಮಹತ್ವ

ದಾಖಲೆಯೊಂದು ಕಚೇರಿಗೆ ತಲುಪಿದ ಗಂಟೆಯನ್ನು ಬರೆದಿಡುವ ಪದ್ಧತಿ ಗಣಕಯಂತ್ರಗಳಿಗಿಂತ ಬಹಳ ಹಳೆಯದು. ನೋಂದಣಿ ಅಧಿನಿಯಮ 1908ರ 52ನೇ ಪ್ರಕರಣದಂತೆ, ನೋಂದಣಿಗಾಗಿ ಹಾಜರುಪಡಿಸಿದ ಪ್ರತಿಯೊಂದು ದಸ್ತಾವೇಜಿನ ಮೇಲೆ ಹಾಜರುಪಡಿಸಿದ ದಿನ, ಗಂಟೆ ಮತ್ತು ಸ್ಥಳವನ್ನು ಆಗಲೇ ಹಿಂಬರಹ ಮಾಡತಕ್ಕದ್ದು. ವಿದ್ಯುನ್ಮಾನ ದಾಖಲೆಗಳಿಗೆ ಸಂಬಂಧಿಸಿದಂತೆ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 13ನೇ ಪ್ರಕರಣವು ಇದೇ ವಿಷಯವನ್ನು ಇತ್ಯರ್ಥಪಡಿಸಿದೆ. ದಾಖಲೆಗಳನ್ನು ಸ್ವೀಕರಿಸುವುದಕ್ಕೆಂದೇ ಒಂದು ಗಣಕ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದಲ್ಲಿ, ಕಳುಹಿಸುವವರು ಮತ್ತು ಪಡೆಯುವವರು ಬೇರೆ ರೀತಿಯಲ್ಲಿ ಒಪ್ಪಿಕೊಂಡಿರದಿದ್ದರೆ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ವೇಳೆಯಾಗುತ್ತದೆ. ಕಾನೂನು ಹೇಳುವುದು ಪ್ರವೇಶಿಸಿದ ಕ್ಷಣವನ್ನು. ಆ ಕ್ಷಣಕ್ಕೆ ಸಾಕ್ಷಿಯಾಗಿ ಉಳಿಯುವುದು ಮಾತ್ರ ಸರ್ವರ್ ಬರೆದಿಟ್ಟ ಅಂಕಿ. ಎರಡರ ನಡುವೆ ಅಂತರವಿದ್ದರೆ ಅದರ ಭಾರ ಬೀಳುವುದು ಅರ್ಜಿದಾರರ ಮೇಲೆ.

ಬಹುತೇಕ ಅರ್ಜಿಗಳ ವಿಷಯದಲ್ಲಿ ಕೆಲವು ಸೆಕೆಂಡುಗಳ ಅಂತರದಿಂದ ಯಾವ ಬಾಧಕವೂ ಇಲ್ಲ. ಬಾಧಕವಾಗುವುದು ಅಂಚಿನಲ್ಲಿ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರ ಅಡಿಯಲ್ಲಿ ನಿಗದಿತ ಕಾಲಮಿತಿಯು ಅರ್ಜಿ ಸಲ್ಲಿಕೆಯಾದ ದಿನಾಂಕದಿಂದ ಆರಂಭವಾಗುತ್ತದೆ; ಮಿತಿ ಮೀರಿದಲ್ಲಿ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ರಾತ್ರಿ 11 ಗಂಟೆ 59 ನಿಮಿಷಕ್ಕೆ ಸಲ್ಲಿಕೆಯಾದ ಅರ್ಜಿಯನ್ನು ಮೂರು ನಿಮಿಷ ಮುಂದಿರುವ ಗಡಿಯಾರವು ಮರುದಿನದ ಲೆಕ್ಕಕ್ಕೆ ಸೇರಿಸುತ್ತದೆ. ಕೊನೆಯ ದಿನದ ಸಂಜೆ 5 ಗಂಟೆಗೆ ಮುಕ್ತಾಯವಾಗುವ ಟೆಂಡರ್ ಅಥವಾ ಪ್ರವೇಶ ಪರೀಕ್ಷೆಯ ಅರ್ಜಿಯಾದರೆ ಅದೇ ಮೂರು ನಿಮಿಷ ಒಂದು ವರ್ಷದ ಅವಕಾಶವನ್ನೇ ಕಸಿದುಕೊಳ್ಳಬಹುದು. ರೈಲ್ವೆಯ ತತ್ಕಾಲ್ ಟಿಕೆಟ್ ಪಡೆಯಲು ಬೆಳಿಗ್ಗೆ ಕಾದು ಕುಳಿತವರಿಗೆ ಸೆಕೆಂಡಿನ ಬೆಲೆಯನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ವರ್ಚುವಲ್ ಗಣಕ ಮತ್ತು ಅದರ ಗಡಿಯಾರ

ಒಂದು ಭೌತಿಕ ಗಣಕಯಂತ್ರದ ಸಾಮರ್ಥ್ಯವನ್ನು ತಂತ್ರಾಂಶದ ಮೂಲಕ ಹಂಚಿ, ಅದರೊಳಗೆ ಹಲವು ಗಣಕಗಳು ಪ್ರತ್ಯೇಕವಾಗಿ ಕೆಲಸ ಮಾಡುವಂತೆ ಏರ್ಪಡಿಸಿದಾಗ ಅಂತಹ ಪ್ರತಿಯೊಂದನ್ನೂ ವರ್ಚುವಲ್ ಗಣಕ ಎನ್ನಲಾಗುತ್ತದೆ. ಈ ಹಂಚಿಕೆಯನ್ನು ನಿರ್ವಹಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದೂ, ಕೆಳಗಿರುವ ನಿಜವಾದ ಯಂತ್ರಕ್ಕೆ ಆತಿಥೇಯ ಗಣಕ ಎಂದೂ ಹೆಸರು. ವಿಎಂವೇರ್, ಹೈಪರ್-ವಿ, ಕೆವಿಎಂ, ಕ್ಸೆನ್ ಇವು ಬಳಕೆಯಲ್ಲಿರುವ ಹೈಪರ್‌ವೈಸರ್‌ಗಳಲ್ಲಿ ಕೆಲವು. ಭಾರತ ಸರ್ಕಾರದ ಮೇಘರಾಜ್ ರಾಷ್ಟ್ರೀಯ ಕ್ಲೌಡ್ ಸೇವೆಯು 2014ರಲ್ಲಿ ಆರಂಭವಾದ ನಂತರ ಇಲಾಖೆಗಳಿಗೂ ಈ ಮಾದರಿಯ ಸರ್ವರ್‌ಗಳು ದೊರೆಯತೊಡಗಿದವು.

ಸಾಮಾನ್ಯ ಗಣಕಯಂತ್ರದಲ್ಲಿ ವೇಳೆಯನ್ನು ಕಾಯುವುದು ಒಂದು ಕ್ವಾರ್ಟ್ಜ್ ಹರಳು. ಕೈಗಡಿಯಾರದಲ್ಲಿರುವಂತೆಯೇ ಇದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಹರಳು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ವ್ಯತ್ಯಾಸ ಬರುತ್ತದೆ. ಯಂತ್ರ ಚಾಲೂ ಆದ ಮೇಲೆ ಕಾರ್ಯಾಚರಣ ವ್ಯವಸ್ಥೆಯು ಈ ಹರಳನ್ನು ಮತ್ತೆ ಮತ್ತೆ ನೋಡುತ್ತಾ ಕೂರುವುದಿಲ್ಲ. ಮೊದಲಿಗೆ ಒಮ್ಮೆ ವೇಳೆಯನ್ನು ಓದಿಕೊಂಡು, ಅನಂತರ ಯಂತ್ರದ ಇನ್ನೊಂದು ಮಿಡಿತವನ್ನು ಎಣಿಸುತ್ತಾ ಹೋಗುತ್ತದೆ. ಹಿಂದಿನ ಲಿನಕ್ಸ್ ಆವೃತ್ತಿಗಳಲ್ಲಿ ಈ ಮಿಡಿತ ಸೆಕೆಂಡಿಗೆ 100, ಅನಂತರದ 2.6 ಆವೃತ್ತಿಯ ಮೊದಲ ದಿನಗಳಲ್ಲಿ 1,000 ಇತ್ತು. ಪ್ರತಿ ಮಿಡಿತಕ್ಕೂ ಗಡಿಯಾರಕ್ಕೆ ಒಂದಂಶ ಸೇರುತ್ತದೆ.

ಎಣಿಸುವವರು ಎಚ್ಚರವಾಗಿರುವವರೆಗೆ ಮಾತ್ರ ಎಣಿಕೆ ಸರಿ. ವರ್ಚುವಲ್ ಗಣಕಗಳ ತೊಡಕು ಇಲ್ಲಿಯೇ ಇದೆ. ಆತಿಥೇಯ ಗಣಕದ ಪ್ರೊಸೆಸರನ್ನು ಹಲವು ವರ್ಚುವಲ್ ಗಣಕಗಳು ಸರದಿಯ ಮೇಲೆ ಬಳಸುತ್ತವೆ. ಒಂದರ ಸರದಿ ನಡೆದಿರುವಾಗ ಉಳಿದವು ನಿಂತಿರುತ್ತವೆ. ತಾವು ನಿಂತಿದ್ದೇವೆ ಎಂಬುದು ಅವುಗಳಿಗೆ ತಿಳಿಯುವುದಿಲ್ಲ. ನಿಂತಿದ್ದಾಗ ಬರಬೇಕಾಗಿದ್ದ ಮಿಡಿತಗಳು ಬಾರದೆ ಹೋಗುತ್ತವೆ, ಇಲ್ಲವೇ ತಡವಾಗಿ ಒಟ್ಟಿಗೆ ಬರುತ್ತವೆ. ನೂರಕ್ಕೆ ಒಂದು ಮಿಡಿತ ತಪ್ಪಿದರೆ ಗಡಿಯಾರವು ಗಂಟೆಗೆ 36 ಸೆಕೆಂಡು ಹಿಂದುಳಿಯುತ್ತದೆ; ಎಂಟು ಗಂಟೆಗಳ ಕೆಲಸದ ದಿನ ಮುಗಿಯುವುದರೊಳಗೆ 4 ನಿಮಿಷ 48 ಸೆಕೆಂಡು. ಮಿಡಿತದ ಸಂಖ್ಯೆ ಹೆಚ್ಚಿದಷ್ಟೂ ಹೊರೆ ಹೆಚ್ಚು: ತಲಾ ಎರಡು ಪ್ರೊಸೆಸರ್‌ಗಳಿರುವ ಹತ್ತು ವರ್ಚುವಲ್ ಗಣಕಗಳಿಗೆ ಸೆಕೆಂಡಿಗೆ 1,000ದಂತೆ ಮಿಡಿತ ಒದಗಿಸಲು ಆತಿಥೇಯ ಗಣಕವು ಸೆಕೆಂಡಿಗೆ 20,000 ಬಾರಿ ಬೇರೆ ಕೆಲಸವನ್ನು ಬಿಟ್ಟೇಳಬೇಕಾಗುತ್ತದೆ. ಅರ್ಜಿಗಳ ಒತ್ತಡ ಅತಿ ಹೆಚ್ಚಾಗಿರುವ ಕೊನೆಯ ದಿನದಂದೇ ಮಿಡಿತಗಳು ತಪ್ಪುವ ಸಂಭವವೂ ಹೆಚ್ಚು ಎಂಬುದು ಗಮನಾರ್ಹ.

ಗಡಿಯಾರವು ಮುಂದೆ ಓಡುವ ಪ್ರಕರಣಗಳೂ ಇದ್ದವು. ತಪ್ಪಿದ ಮಿಡಿತಗಳನ್ನು ಹೈಪರ್‌ವೈಸರ್ ನೆನಪಿಟ್ಟುಕೊಂಡು ಆಮೇಲೆ ಒದಗಿಸುತ್ತದೆ. ಅಷ್ಟರಲ್ಲಿ ಒಳಗಿನ ಕಾರ್ಯಾಚರಣ ವ್ಯವಸ್ಥೆಯೂ ಕೊರತೆಯನ್ನು ಊಹಿಸಿ ತಾನೇ ಭರ್ತಿ ಮಾಡಿಕೊಂಡಿರುತ್ತದೆ. ಒಂದೇ ಸಾಲವನ್ನು ಇಬ್ಬರೂ ತೀರಿಸಿದಂತಾಗಿ ಗಡಿಯಾರ ಮುಂದಕ್ಕೆ ಹೋಗುತ್ತದೆ.

ಈಗಿನ ವ್ಯವಸ್ಥೆಗಳು ಮಿಡಿತ ಎಣಿಸುವುದನ್ನು ಬಹುಮಟ್ಟಿಗೆ ಕೈಬಿಟ್ಟಿವೆ. ವೇಳೆ ಬೇಕಾದಾಗ ನೇರವಾಗಿ ಪ್ರೊಸೆಸರಿನಲ್ಲಿರುವ ಎಣಿಕೆಯನ್ನು ಓದಿ, ಅದನ್ನು ಹೈಪರ್‌ವೈಸರ್ ತಿಳಿಸುವ ಅಳತೆಯಿಂದ ಸೆಕೆಂಡುಗಳಿಗೆ ಪರಿವರ್ತಿಸಿಕೊಳ್ಳುತ್ತವೆ. ಕೆವಿಎಂನಲ್ಲಿ ಇದಕ್ಕೆ ಕೆವಿಎಂ-ಕ್ಲಾಕ್ ಎಂಬ ಏರ್ಪಾಡಿದೆ. ಇತರ ಹೈಪರ್‌ವೈಸರ್‌ಗಳಲ್ಲಿಯೂ ಇಂತಹವು ಇವೆ. ಇದರಿಂದ ದಿನನಿತ್ಯದ ಹಿಂದುಳಿಯುವಿಕೆ ಬಹಳ ಕಡಿಮೆಯಾಗಿದೆ. ಆದರೆ ಆತಿಥೇಯ ಗಣಕದ ಗಡಿಯಾರವೇ ತಪ್ಪಿದ್ದರೆ ಅದರ ಮೇಲಿರುವ ಎಲ್ಲ ವರ್ಚುವಲ್ ಗಣಕಗಳೂ ಆರಂಭದಲ್ಲಿ ಅದೇ ತಪ್ಪು ವೇಳೆಯನ್ನು ಪಡೆಯುತ್ತವೆ.

ತಡೆಹಿಡಿದು ಮರಳಿ ಚಾಲನೆಗೊಳಿಸಿದಾಗ

ವರ್ಚುವಲ್ ಗಣಕವನ್ನು ಇದ್ದ ಸ್ಥಿತಿಯಲ್ಲಿಯೇ ತಡೆಹಿಡಿದು ನಂತರ ಮುಂದುವರಿಸಬಹುದು. ಅದರ ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದ ಸಂಪೂರ್ಣ ಪ್ರತಿಯನ್ನು ಉಳಿಸಿ, ಬೇಕಾದಾಗ ಆ ಸ್ಥಿತಿಗೆ ಹಿಂದಿರುಗಬಹುದು. ಚಾಲನೆಯಲ್ಲಿರುವಾಗಲೇ ಒಂದು ಆತಿಥೇಯ ಗಣಕದಿಂದ ಇನ್ನೊಂದಕ್ಕೆ ಸ್ಥಳಾಂತರಿಸಬಹುದು. ಭೌತಿಕ ಯಂತ್ರದಲ್ಲಿ ಇಲ್ಲದ ಈ ಸೌಲಭ್ಯಗಳು ದುರಸ್ತಿ ಮತ್ತು ನಿರ್ವಹಣೆಗೆ ಅತ್ಯಂತ ಉಪಯುಕ್ತ; ಗಡಿಯಾರಕ್ಕೆ ಮಾತ್ರ ಪರೀಕ್ಷೆ. ಮಧ್ಯಾಹ್ನ 2 ಗಂಟೆಗೆ ತಡೆಹಿಡಿದ ಗಣಕವನ್ನು 2 ಗಂಟೆ 40 ನಿಮಿಷಕ್ಕೆ ಮುಂದುವರಿಸಿದರೆ, ಹೊರಗಿನಿಂದ ಯಾರಾದರೂ ತಿಳಿಸುವವರೆಗೆ ಅದು ಇನ್ನೂ 2 ಗಂಟೆ ಎಂದೇ ತಿಳಿದಿರುತ್ತದೆ. ಆ ನಡುವೆ ಸ್ವೀಕರಿಸಿದ ಅರ್ಜಿಗಳಿಗೆ 40 ನಿಮಿಷ ಹಿಂದಿನ ವೇಳೆ ಬೀಳುತ್ತದೆ. ಆದುದರಿಂದ ಮರುಚಾಲನೆಯ ನಂತರ ಗಡಿಯಾರ ಸರಿಯಾಗಿದೆಯೆಂದು ಖಚಿತವಾಗುವವರೆಗೆ ಅರ್ಜಿ ಸ್ವೀಕಾರವನ್ನು ಆರಂಭಿಸದಿರುವುದೇ ಕ್ಷೇಮ. ನಿರ್ವಹಣೆಯ ಸಲುವಾಗಿ ಸೇವೆ ಸ್ಥಗಿತಗೊಂಡಿದೆ ಎಂಬ ಪ್ರಕಟಣೆಯು ಕೆಲವು ನಿಮಿಷ ಹೆಚ್ಚು ಕಾಲ ಉಳಿದರೆ ಅರ್ಜಿದಾರರಿಗೆ ಆಗುವ ಅನಾನುಕೂಲ, ತಪ್ಪು ವೇಳೆಯ ಸ್ವೀಕೃತಿಯಿಂದ ಆಗುವುದಕ್ಕಿಂತ ಕಡಿಮೆ.

ಸರಿಯಾದ ವೇಳೆಯ ಮೂಲ

ಭಾರತೀಯ ಪ್ರಮಾಣ ಕಾಲವು ಪೂರ್ವ ರೇಖಾಂಶ 82 ಡಿಗ್ರಿ 30 ಮಿನಿಟುಗಳನ್ನು ಆಧರಿಸಿದ್ದು, ಸಂಘಟಿತ ಸಾರ್ವತ್ರಿಕ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ಇದನ್ನು ಕಾಯ್ದುಕೊಂಡು ಬರುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅಲ್ಲಿನ ಪರಮಾಣು ಗಡಿಯಾರಗಳ ಆಧಾರ ಸೀಸಿಯಂ 133 ಪರಮಾಣು. 1967ರಿಂದ ಸೆಕೆಂಡ್ ಎಂಬುದಕ್ಕೆ ಆ ಪರಮಾಣುವಿನ ವಿಕಿರಣದ 9,19,26,31,770 ಆವರ್ತಗಳೆಂಬುದೇ ಅಂತರರಾಷ್ಟ್ರೀಯ ವ್ಯಾಖ್ಯೆ. ಈ ಕಾಲವನ್ನು ದೇಶದಾದ್ಯಂತ ತಲುಪಿಸಲು ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್ ಮತ್ತು ಗುವಾಹಟಿಗಳಲ್ಲಿರುವ ಕಾನೂನು ಮಾಪನಶಾಸ್ತ್ರದ ಪ್ರಾದೇಶಿಕ ಪ್ರಯೋಗಾಲಯಗಳನ್ನು ಬಳಸುವ ಯೋಜನೆಯನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ಕೈಗೆತ್ತಿಕೊಂಡಿದೆ. ವ್ಯವಹಾರಗಳಲ್ಲಿ ಭಾರತೀಯ ಪ್ರಮಾಣ ಕಾಲವೊಂದನ್ನೇ ಬಳಸಬೇಕೆಂಬ ಕರಡು ನಿಯಮಗಳನ್ನು ಅದೇ ಇಲಾಖೆಯು 2025ರ ಜನವರಿಯಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು.

ದೆಹಲಿಯ ವೇಳೆ ದೂರದ ಸರ್ವರನ್ನು ತಲುಪುವುದು ಜಾಲ ಕಾಲ ನಿಯಮಾವಳಿ, ಅಂದರೆ ಎನ್.ಟಿ.ಪಿ. ಮೂಲಕ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ ಅವರು ರೂಪಿಸಿದ ಈ ನಿಯಮಾವಳಿ 1985ರಲ್ಲಿ ಮೊದಲು ಪ್ರಕಟವಾಯಿತು. ಅದರ ನಾಲ್ಕನೆಯ ಆವೃತ್ತಿ 2010ರದು. ವೇಳೆ ಎಷ್ಟು ಎಂದು ಕೇಳಿ ಉತ್ತರ ಪಡೆಯುವಷ್ಟರಲ್ಲಿಯೇ ಸ್ವಲ್ಪ ಕಾಲ ಕಳೆದಿರುತ್ತದೆ. ಹಾಗೆ ಕಳೆದ ಕಾಲವನ್ನು ಲೆಕ್ಕದಿಂದ ತೆಗೆಯುವ ಬಗೆಯೇ ಈ ನಿಯಮಾವಳಿಯ ತಿರುಳು.

ಉದಾಹರಣೆಗೆ, ಸರ್ವರ್ ಒಂದು ತನ್ನ ಗಡಿಯಾರದಲ್ಲಿ 10 ಗಂಟೆ ಸರಿಯಾಗಿ ಆದಾಗ ಪ್ರಶ್ನೆ ಕಳುಹಿಸಿತು ಎಂದಿಟ್ಟುಕೊಳ್ಳಬಹುದು. ಕಾಲದ ಮೂಲಕ್ಕೆ ಅದು ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ 10 ಗಂಟೆ 2.030 ಸೆಕೆಂಡು, ಉತ್ತರ ಹೊರಟದ್ದು 2.031ಕ್ಕೆ, ಉತ್ತರ ಮರಳಿ ತಲುಪಿದಾಗ ಕೇಳಿದ ಸರ್ವರ್‌ನ ಗಡಿಯಾರದಲ್ಲಿ 0.061 ಸೆಕೆಂಡು. ಹೋಗುವಾಗಿನ ವ್ಯತ್ಯಾಸ 2.030, ಬರುವಾಗಿನದು 1.970, ಇವೆರಡರ ಸರಾಸರಿ 2.000. ಅಂದರೆ ಸರ್ವರ್‌ನ ಗಡಿಯಾರ ಸರಿಯಾಗಿ ಎರಡು ಸೆಕೆಂಡು ಹಿಂದಿದೆ, ದಾರಿಯಲ್ಲಿ ಒಂದೊಂದು ಕಡೆಗೆ 0.030 ಸೆಕೆಂಡು ಹಿಡಿದಿದೆ.

ಈ ಲೆಕ್ಕವು ಹೋಗುವ ದಾರಿ ಮತ್ತು ಬರುವ ದಾರಿ ಸಮಾನ ಕಾಲ ಹಿಡಿಯುತ್ತವೆಂಬ ನಂಬಿಕೆಯ ಮೇಲೆ ನಿಂತಿದೆ. ಕೇಳಿದ ಸರ್ವರ್ ವರ್ಚುವಲ್ ಗಣಕವಾಗಿದ್ದು, ಉತ್ತರ ಬಂದ ಕ್ಷಣದಲ್ಲಿ ಅದರ ಸರದಿ ಇಲ್ಲದೆ 0.100 ಸೆಕೆಂಡು ನಿಂತಿತ್ತು ಎನ್ನೋಣ. ಆಗ ಅದು 0.061ರ ಬದಲು 0.161 ಎಂದು ಬರೆದುಕೊಳ್ಳುತ್ತದೆ; ಸರಾಸರಿ 1.950 ಆಗುತ್ತದೆ. ನಿಂತ ಕಾಲದ ಅರ್ಧದಷ್ಟು ತಪ್ಪು ತಿದ್ದುಪಡಿಯೊಳಗೇ ಸೇರಿಹೋಯಿತು. ಇದರಿಂದಾಗಿ ಎನ್.ಟಿ.ಪಿ. ತಂತ್ರಾಂಶವು ಒಂದೇ ಉತ್ತರವನ್ನು ನಂಬದೆ, ಹಲವು ಬಾರಿ ಮತ್ತು ಹಲವು ಮೂಲಗಳನ್ನು ಕೇಳಿ, ಕಡಿಮೆ ವಿಳಂಬದಲ್ಲಿ ಬಂದ ಉತ್ತರಗಳಿಗೆ ಹೆಚ್ಚು ಮನ್ನಣೆ ಕೊಡುತ್ತದೆ.

ತಿದ್ದುವ ಕ್ರಮ

ತಪ್ಪು ಎಷ್ಟೆಂದು ತಿಳಿದ ಮೇಲೆ ಮುಳ್ಳನ್ನು ಒಮ್ಮೆಲೇ ಸರಿಯಾದ ಸ್ಥಳಕ್ಕೆ ತಿರುಗಿಸಿದರೆ ಆಯಿತಲ್ಲ ಎಂದು ತೋರಬಹುದು. ಮನೆಯ ಗಡಿಯಾರಕ್ಕೆ ಅದು ಸರಿ. ಸರ್ವರ್‌ನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಕಳೆದುಹೋದ ನಿಮಿಷಗಳು ಎರಡನೆಯ ಬಾರಿ ಬರುತ್ತವೆ. ಮೊದಲು ಬಂದ ಅರ್ಜಿಯ ವೇಳೆ 11 ಗಂಟೆ 5 ನಿಮಿಷ, ಅನಂತರ ಬಂದದ್ದರ ವೇಳೆ 11 ಗಂಟೆ 3 ನಿಮಿಷ ಎಂದಾಗಿ ಸರದಿಯೇ ತಲೆಕೆಳಗಾಗುತ್ತದೆ. ಮೊದಲು ಬಂದವರಿಗೆ ಆದ್ಯತೆ ಎಂಬ ನಿಯಮವಿರುವ ಸೇವೆಗಳಲ್ಲಿ ಇದು ನೇರವಾದ ಅನ್ಯಾಯ.

ಆದುದರಿಂದ ಸಣ್ಣ ತಪ್ಪುಗಳನ್ನು ಗಡಿಯಾರದ ವೇಗವನ್ನು ಸ್ವಲ್ಪವೇ ಹೆಚ್ಚಿಸಿ ಅಥವಾ ತಗ್ಗಿಸಿ ನಿಧಾನವಾಗಿ ತೀರಿಸಲಾಗುತ್ತದೆ. ಎನ್.ಟಿ.ಪಿ.ಯ ಮೂಲ ತಂತ್ರಾಂಶದಲ್ಲಿ ಈ ವೇಗ ಬದಲಾವಣೆಯ ಮಿತಿ ಹತ್ತು ಲಕ್ಷಕ್ಕೆ 500. ಈ ಗತಿಯಲ್ಲಿ ಒಂದು ಸೆಕೆಂಡಿನ ತಪ್ಪನ್ನು ತೀರಿಸಲು 2,000 ಸೆಕೆಂಡು, ಅಂದರೆ 33 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು. ಒಂದು ನಿಮಿಷದ ತಪ್ಪಿಗೆ 33 ಗಂಟೆ 20 ನಿಮಿಷ. ಅಷ್ಟು ಕಾಲ ತಪ್ಪು ವೇಳೆಯಲ್ಲಿ ಸೇವೆ ನಡೆಸುವುದು ಸಾಧುವಲ್ಲವಾದ್ದರಿಂದ, ಸಾಮಾನ್ಯ ಸಿದ್ಧತೆಯಲ್ಲಿ ತಪ್ಪು 0.128 ಸೆಕೆಂಡನ್ನು ಮೀರಿ ಹಾಗೆಯೇ ಮುಂದುವರಿದರೆ ಆ ತಂತ್ರಾಂಶವು ಗಡಿಯಾರವನ್ನು ಒಮ್ಮೆಲೇ ಸರಿಪಡಿಸುತ್ತದೆ. 1,000 ಸೆಕೆಂಡನ್ನೂ ಮೀರಿದ್ದರೆ ಏನೋ ದೊಡ್ಡ ದೋಷವಿದೆಯೆಂದು ಭಾವಿಸಿ ತಾನೇ ನಿಂತುಬಿಡುತ್ತದೆ. ಮೇಲೆ ಹೇಳಿದ 40 ನಿಮಿಷದ ಉದಾಹರಣೆಯಲ್ಲಿ ಆಗಬಹುದಾದದ್ದು ಇದೇ: 2,400 ಸೆಕೆಂಡಿನ ಅಂತರ ಕಂಡು ತಂತ್ರಾಂಶ ನಿಂತರೆ, ಸಿಬ್ಬಂದಿಯ ಗಮನಕ್ಕೆ ಬರುವವರೆಗೆ ಗಡಿಯಾರವನ್ನು ತಿದ್ದುವವರೇ ಇರುವುದಿಲ್ಲ. ಇತ್ತೀಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುತ್ತಿರುವ ಕ್ರೋನಿ ಎಂಬ ತಂತ್ರಾಂಶವು ಆಗಾಗ್ಗೆ ನಿಂತು ಮುಂದುವರಿಯುವ ಗಣಕಗಳಿಗೆ ಹೆಚ್ಚು ಹೊಂದುತ್ತದೆ.

ಇನ್ನೊಂದು ಅಂಶ. ಹೈಪರ್‌ವೈಸರ್‌ಗಳು ತಮ್ಮ ವರ್ಚುವಲ್ ಗಣಕಗಳ ವೇಳೆಯನ್ನು ತಾವೇ ತಿದ್ದುವ ಸೌಲಭ್ಯವನ್ನೂ ಒದಗಿಸುತ್ತವೆ. ಅದನ್ನೂ ಎನ್.ಟಿ.ಪಿ.ಯನ್ನೂ ಒಟ್ಟಿಗೆ ಚಾಲೂ ಇಟ್ಟರೆ ಎರಡು ಪಟ್ಟು ಭದ್ರತೆ ದೊರೆಯುತ್ತದೆಂಬ ಅಭಿಪ್ರಾಯವಿದೆ, ಅದು ಸರಿಯಲ್ಲ. ಎರಡೂ ಬೇರೆ ಬೇರೆ ಮೂಲಗಳಿಂದ ವೇಳೆ ಪಡೆಯುತ್ತಿದ್ದರೆ ಒಂದು ತಿದ್ದಿದ್ದನ್ನು ಇನ್ನೊಂದು ಮತ್ತೆ ತಿದ್ದುತ್ತಾ ಗಡಿಯಾರ ಅತ್ತಿತ್ತ ತೂಗಾಡುತ್ತದೆ. ದಿನನಿತ್ಯದ ತಿದ್ದುಪಡಿಗೆ ಒಬ್ಬರೇ ಹೊಣೆಗಾರರಿರಬೇಕು. ಆತಿಥೇಯ ಗಣಕವನ್ನೂ ಅದೇ ಮೂಲಕ್ಕೆ ಜೋಡಿಸಿದ್ದು, ಮರುಚಾಲನೆಯ ಸಮಯದಲ್ಲಿ ಮಾತ್ರ ಹೈಪರ್‌ವೈಸರ್ ಆರಂಭದ ವೇಳೆಯನ್ನು ನೀಡುವುದು ಅಂಗೀಕೃತ ಪದ್ಧತಿ.

ಮೂಲ ಯಾವುದಿರಬೇಕೆಂಬುದು ಈಗ ಆಯ್ಕೆಯ ವಿಷಯವಾಗಿ ಉಳಿದಿಲ್ಲ. ಭಾರತೀಯ ಗಣಕ ತುರ್ತು ಪ್ರತಿಸ್ಪಂದನ ತಂಡವು (ಸರ್ಟ್-ಇನ್) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ದತ್ತಾಂಶ ಕೇಂದ್ರಗಳು ಮತ್ತು ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಅದರ ವ್ಯಾಪ್ತಿಗೆ ಬರುವವರೆಲ್ಲರೂ ತಮ್ಮ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್.ಟಿ.ಪಿ. ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ವೇಳೆ ಪಡೆಯುವ ಸರ್ವರ್‌ಗಳಿಗೆ ಹೊಂದಿಸಿಕೊಳ್ಳತಕ್ಕದ್ದು.

ಅಧಿಕ ಸೆಕೆಂಡಿನ ವಿಷಯವಾಗಿ ಸಂಕ್ಷಿಪ್ತವಾಗಿ ಹೇಳುವುದಾದರೆ, ಭೂಮಿಯ ಪರಿಭ್ರಮಣಕ್ಕೆ ಸರಿಹೊಂದಿಸಲು ಆಗಾಗ ಒಂದು ಸೆಕೆಂಡನ್ನು ಸೇರಿಸಲಾಗುತ್ತಿತ್ತು. 2012ರ ಜುಲೈ 1ರಂದು ಭಾರತೀಯ ಕಾಲ ಬೆಳಿಗ್ಗೆ ಐದೂವರೆಯ ಹೊತ್ತಿಗೆ ಸೇರಿದ ಸೆಕೆಂಡಿನಿಂದ ಲಿನಕ್ಸ್‌ನಲ್ಲಿದ್ದ ದೋಷವೊಂದು ಹೊರಬಿದ್ದು ಜಗತ್ತಿನ ಹಲವೆಡೆ ಸರ್ವರ್‌ಗಳು ಸ್ತಬ್ಧಗೊಂಡವು. ಕೊನೆಯದಾಗಿ ಸೇರಿಸಿದ್ದು 2017ರ ಜನವರಿ 1ರಂದು. 2035ರ ಹೊತ್ತಿಗೆ ಈ ಪದ್ಧತಿಯನ್ನು ಬದಲಾಯಿಸಲು 2022ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ನಿರ್ಣಯಿಸಿದೆ.

ಅರ್ಜಿದಾರರ ಗಮನಕ್ಕೆ

ಕೊನೆಯ ವೇಳೆ ನಿಗದಿಯಾಗಿರುವ ಅರ್ಜಿಗಳಿಗೆ ಜಾಲತಾಣದ ಪುಟದಲ್ಲಿ ಸರ್ವರ್‌ನ ವೇಳೆ ಪ್ರದರ್ಶಿತವಾಗಿದ್ದರೆ ಅದನ್ನೇ ನೋಡಿಕೊಳ್ಳತಕ್ಕದ್ದು. ಅರ್ಜಿ ತುಂಬಲು ಆರಂಭಿಸಿದ ವೇಳೆ ಬೇರೆ, ಅರ್ಜಿಯು ಸರ್ವರನ್ನು ತಲುಪಿದ ವೇಳೆ ಬೇರೆ. ಸ್ವೀಕೃತಿಯಲ್ಲಿ ನಮೂದಾಗುವುದು ಎರಡನೆಯದು. ಮನೆಯ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟುಕೊಳ್ಳುವ ರೂಢಿ ಅನೇಕರಲ್ಲಿದೆ. ಅದರಿಂದ ಹಾನಿಯಿಲ್ಲ, ಹಾಗೆ ಮುಂದಿಟ್ಟಿರುವುದು ನೆನಪಿದ್ದು ಕೊನೆಯ ಐದು ನಿಮಿಷಗಳನ್ನು ಬಳಸಿಕೊಳ್ಳಲು ಹೊರಡದಿದ್ದರೆ.

ಮೊಬೈಲ್ ಫೋನಿನಲ್ಲಿ ದಿನಾಂಕ ಮತ್ತು ವೇಳೆಯನ್ನು ಸ್ವಯಂಚಾಲಿತವಾಗಿ ಪಡೆಯುವಂತೆ ಇರಿಸುವುದು ಸೂಕ್ತ. ಗುಪ್ತಸಂಖ್ಯೆಯನ್ನು ಫೋನಿನಲ್ಲಿಯೇ ಉತ್ಪಾದಿಸುವ ತಂತ್ರಾಂಶಗಳಲ್ಲಿ ಸಂಖ್ಯೆಯು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನು ಮತ್ತು ಸರ್ವರ್‌ನ ಗಡಿಯಾರಗಳ ನಡುವೆ ಹೆಚ್ಚು ಅಂತರವಿದ್ದರೆ ಸರಿಯಾದ ಸಂಖ್ಯೆಯೂ ತಿರಸ್ಕೃತವಾಗುತ್ತದೆ. ಎಸ್.ಎಂ.ಎಸ್. ಮೂಲಕ ಬರುವ ಸಂಖ್ಯೆಗೆ ಈ ತೊಂದರೆ ಇಲ್ಲ.

ಸ್ವೀಕೃತಿಯಲ್ಲಿನ ವೇಳೆ ನಿಜವಾದ ವೇಳೆಗಿಂತ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ, ಅದು ಗಡಿಯಾರ ಹಿಂದುಳಿದುದರ ಲಕ್ಷಣವಲ್ಲ. ಸರ್ವರ್ ಸಾರ್ವತ್ರಿಕ ಕಾಲವನ್ನು ಬರೆದು ಭಾರತೀಯ ಕಾಲಕ್ಕೆ ಪರಿವರ್ತಿಸದೆ ಮುದ್ರಿಸಿದೆ ಎಂದರ್ಥ. ಬೆಳಗಿನ ಜಾವ 4 ಗಂಟೆಗೆ ಸಲ್ಲಿಸಿದ ಅರ್ಜಿಗೆ ಹಿಂದಿನ ದಿನದ ರಾತ್ರಿ 10 ಗಂಟೆ 30 ನಿಮಿಷ ಎಂದು ಬರುವುದು ಹೀಗೆ. ಇದನ್ನು ತಿದ್ದುವುದು ಸುಲಭ, ಮೂಲ ದಾಖಲೆಯಲ್ಲಿ ಸರಿಯಾದ ಕ್ಷಣವೇ ಇರುತ್ತದೆ.

ಇತರ ವ್ಯತ್ಯಾಸಗಳು ಕಂಡುಬಂದಲ್ಲಿ ಸ್ವೀಕೃತಿ ಪತ್ರದ ಪ್ರತಿ, ಶುಲ್ಕ ಪಾವತಿಯಾದ ಬಗ್ಗೆ ಬ್ಯಾಂಕಿನಿಂದ ಬಂದ ಸಂದೇಶ ಮತ್ತು ಅರ್ಜಿ ಸಂಬಂಧ ಬಂದ ಎಸ್.ಎಂ.ಎಸ್.ಗಳನ್ನು ಅಳಿಸದೆ ಉಳಿಸಿಕೊಂಡು, ಸೇವೆ ನೀಡುವ ಕಚೇರಿಗೆ ಲಿಖಿತವಾಗಿ ತಿಳಿಸುವುದು. ಬ್ಯಾಂಕಿನ ಮತ್ತು ದೂರವಾಣಿ ಸಂಸ್ಥೆಯ ಗಡಿಯಾರಗಳು ಸ್ವೀಕರಿಸಿದ ಸರ್ವರ್‌ನಿಂದ ಬೇರೆಯಾದ ಕಾರಣ ಅವುಗಳ ವೇಳೆಯು ಸ್ವತಂತ್ರ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತದೆ. ಎನ್.ಟಿ.ಪಿ. ತಂತ್ರಾಂಶವು ಗಡಿಯಾರವನ್ನು ಯಾವಾಗ ಎಷ್ಟು ತಿದ್ದಿತೆಂಬುದನ್ನು ಸರ್ವರ್‌ನ ದಿನಚರಿ ಕಡತಗಳಲ್ಲಿ ದಾಖಲಿಸಬಲ್ಲದು. ದೂರು ಬಂದಾಗ ಪರಿಶೀಲಿಸಬೇಕಾದದ್ದು ಅದನ್ನೇ. ಮೇಲೆ ಹೇಳಿದ 2022ರ ನಿರ್ದೇಶನದಂತೆ ಇಂತಹ ಕಡತಗಳನ್ನು 180 ದಿನಗಳವರೆಗೆ ಕಾಯ್ದಿರಿಸತಕ್ಕದ್ದು. ಆ ಅವಧಿ ಕಳೆದ ಮೇಲೆ ಅವು ದೊರೆಯದಿರುವ ಸಂಭವವಿರುವುದರಿಂದ, ವೇಳೆಗೆ ಸಂಬಂಧಿಸಿದ ದೂರುಗಳನ್ನು ಅದಕ್ಕೆ ಮೊದಲೇ ಸಲ್ಲಿಸುವಂತೆ ಕೋರಲಾಗಿದೆ.